ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ‘ಬೇಡ’ ಅಂದಾಗ: ಅಡ್ಮಿನ್‌ಗಳಿಗೊಂದು ಮಾರ್ಗದರ್ಶಿ

“ಗ್ರೂಪಲ್ಲಿ ಮತ್ತೆ ಜಗಳ ಸಾರ್. ಆ ಒಬ್ಬರನ್ನ ತೆಗೆದುಬಿಡ್ಲಾ?” ಮೈಸೂರಿನ ಕುವೆಂಪುನಗರದಿಂದ ಬೋಗಾದಿಯವರೆಗೆ, ಈಚೆಗೆ ಮಂಡ್ಯದ ಕಡೆಯಿಂದಲೂ, ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಹೆಚ್ಚು. ಬೀದಿನಾಯಿ, ಗಣಪತಿ ಪೆಂಡಾಲಿನ ಮೈಕು, ಪಾರ್ಕಿನ ಮರ, ಚುನಾವಣೆ, ಹೀಗೆ ವಿಷಯ ಬದಲಾಗುತ್ತದೆ. ಕೊನೆಗೆ ಕೇಳುವುದು ಮಾತ್ರ ಅದನ್ನೇ.

ನಾನೂ ಒಮ್ಮೆ ಒಬ್ಬರನ್ನು ತೆಗೆದಿದ್ದೇನೆ. ನಮ್ಮ ರಸ್ತೆಯ ಎರಡೂ ಬದಿಗೆ ಇಂಟರ್‌ಲಾಕ್ ಟೈಲ್ಸ್ ಹಾಕಿಸೋಣ ಎಂದು ಎಲ್ಲರೂ ಉತ್ಸಾಹದಲ್ಲಿದ್ದಾಗ ನಿವೃತ್ತರೊಬ್ಬರು ಬೇಡವೇ ಬೇಡ ಅಂದರು. ಮಾತು ಬಿರುಸಾಗಿತ್ತು, ನಾನು ರಿಮೂವ್ ಒತ್ತಿದೆ. ಅವರ ಮನೆ ಇದ್ದದ್ದು ರಸ್ತೆಯ ತಗ್ಗಿನ ತುದಿಯಲ್ಲಿ. ಮಣ್ಣು ಮುಚ್ಚಿಹೋದರೆ ಮಳೆನೀರು ಇಂಗಲು ಜಾಗವಿಲ್ಲದೆ ಹರಿದು ಬಂದು ನಿಲ್ಲುವುದು ಅವರ ಗೇಟಿನ ಮುಂದೆ. ಏರಿನ ಮೇಲೆ ಮನೆಯಿರುವ ನನಗೆ ಅದು ಹೊಳೆಯಲೇ ಇಲ್ಲ. ಮಳೆಗಾಲ ಬಂದ ಮೇಲೆ ಕಣ್ಣಾರೆ ಕಂಡೆ.

ಅಂದಿನಿಂದ ನಾನು ನಂಬಿರುವುದು ಇಷ್ಟು: ಎದುರು ಮಾತು ಬಹಳ ಸಲ ನಾವು ನಿಂತಿಲ್ಲದ ಜಾಗದಿಂದ ಬಂದ ಸುದ್ದಿ. ಆ ಮಾತಾಡುವವರನ್ನು ಕಳಿಸಿದರೆ ಸುದ್ದಿಯೂ ಅವರ ಜೊತೆಗೇ ಹೋಗುತ್ತದೆ. ಕೆಳಗಿನ ಹಂತಗಳೆಲ್ಲ ಆ ಸುದ್ದಿ ಕಳೆಯದಂತೆ ನೋಡಿಕೊಳ್ಳುವುದಕ್ಕೆ.

ಮೊದಲು ಇಷ್ಟು ಇಟ್ಟುಕೊಳ್ಳಿ

ಕನಿಷ್ಠ ಮೂವರು ಅಡ್ಮಿನ್ ಇರಲಿ. ಮೂವರೂ ಒಂದೇ ಬೀದಿಯವರು, ಒಂದೇ ವಾಕಿಂಗ್ ಬಳಗದವರು ಆಗದಿರಲಿ. ಒಬ್ಬರಾದರೂ ಬಾಡಿಗೆ ಮನೆಯವರು ಇರಲಿ, ಒಬ್ಬರಾದರೂ ಹೆಂಗಸರು ಇರಲಿ. ಮುಖಾಮುಖಿ ಕೂರಲು ಒಂದು ಜಾಗ ಗೊತ್ತುಮಾಡಿಕೊಳ್ಳಿ. ಪಾರ್ಕಿನ ಕಲ್ಲುಬೆಂಚು ಸಾಕು, ದೇವಸ್ಥಾನದ ಜಗಲಿ ಬೇಡ, ಅಲ್ಲಿಗೆ ಎಲ್ಲರೂ ಬರಲಾರರು. ಜೊತೆಗೆ ಒಂದು ನೋಟ್‌ಬುಕ್. ಯಾಕೆ ಅಂತ ಐದನೇ ಹಂತದಲ್ಲಿ ಹೇಳುತ್ತೇನೆ.

1. ಪ್ರಕಟಣೆಗೊಂದು ಗ್ರೂಪ್, ಚರ್ಚೆಗೊಂದು ಗ್ರೂಪ್

ಅರ್ಧದಷ್ಟು ಜಗಳ ಹುಟ್ಟುವುದು ಎರಡು ಕೆಲಸಕ್ಕೆ ಒಂದೇ ಗ್ರೂಪ್ ಇರುವುದರಿಂದ. “ನಾಳೆ ನೀರು ಬರಲ್ಲ” ಅನ್ನುವ ಮೆಸೇಜು ನೂರು ವಾದಗಳ ಅಡಿಯಲ್ಲಿ ಹೂತುಹೋಗುತ್ತದೆ. ನೀರು ಹಿಡಿಯದೆ ಪರದಾಡಿದವರು ವಾದ ಮಾಡುತ್ತಿದ್ದವರ ಮೇಲೆ ಹರಿಹಾಯುತ್ತಾರೆ.

ನೀರು, ಚೆಸ್ಕಾಂ ಕರೆಂಟು, ಕಸದ ಗಾಡಿ, ಸಾವಿನ ಸುದ್ದಿ ಒಂದು ಗ್ರೂಪಿಗೆ. ಅಲ್ಲಿ ‘ಅಡ್ಮಿನ್ ಮಾತ್ರ ಮೆಸೇಜು ಕಳಿಸಬಹುದು’ ಅನ್ನುವ ಸೆಟ್ಟಿಂಗ್ ಹಾಕಿ. ಚರ್ಚೆಗೆ ಇನ್ನೊಂದು. ಚರ್ಚೆಯ ಗ್ರೂಪಿಗೆ ಯಾರನ್ನೂ ತಾನಾಗಿ ಸೇರಿಸಬೇಡಿ, ಲಿಂಕ್ ಕೊಡಿ, ಇಷ್ಟ ಇದ್ದವರು ಬರಲಿ. ವಾಟ್ಸಾಪ್ ಒಂದು ಗ್ರೂಪಿಗೆ 1024 ಜನರವರೆಗೆ ಬಿಡುತ್ತದೆ. ಆದರೆ ಇನ್ನೂರು ಮಂದಿ ದಾಟಿದ ಮೇಲೆ ಒಬ್ಬರ ಗುರುತು ಇನ್ನೊಬ್ಬರಿಗೆ ಇರುವುದಿಲ್ಲ, ಗುರುತಿಲ್ಲದವರ ಮೇಲೆ ಬಾಯಿ ಬೇಗ ಹರಿಯುತ್ತದೆ. ದೊಡ್ಡ ಬಡಾವಣೆಯಾದರೆ ಕ್ರಾಸ್‌ಗಳ ಲೆಕ್ಕದಲ್ಲಿ ಒಡೆಯುವುದೇ ಮೇಲು.

2. ನಿಯಮ ಬರೆಯಿರಿ, ಆದರೆ ಒಬ್ಬರೇ ಕೂತು ಬರೆಯಬೇಡಿ

“ಎಲ್ಲರೂ ಸೌಹಾರ್ದದಿಂದ ಇರಬೇಕು” ಅನ್ನುವುದು ನಿಯಮವಲ್ಲ, ಹಾರೈಕೆ. ಯಾರು, ಏನು, ಎಷ್ಟು ಹೊತ್ತಿಗೆ ಅನ್ನುವುದು ಇದ್ದರೆ ಅದು ನಿಯಮ.

ಇದಕ್ಕೆ ನಮ್ಮ ಪಕ್ಕದಲ್ಲೇ ಒಂದು ಮಾದರಿ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವಾಗಿ 1368ರಲ್ಲಿ ಅದು ವಿಜಯನಗರದ ಬುಕ್ಕರಾಯನ ಮುಂದೆ ಬಂತು. ನಮ್ಮ ಮಂಡ್ಯ ಜಿಲ್ಲೆಯ ಮೇಲುಕೋಟೆಯ ಶ್ರೀವೈಷ್ಣವರೂ ಅದರಲ್ಲಿ ಸೇರಿದ್ದರು. ರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಅಂದ. ಶ್ರವಣಬೆಳಗೊಳದ ಶಾಸನ ಇಷ್ಟಕ್ಕೇ ನಿಲ್ಲುವುದಿಲ್ಲ. ಜೈನರು ಮನೆಗೆ ವರ್ಷಕ್ಕೊಂದು ಹಣ, ಅಂದರೆ ಆಗಿನ ಒಂದು ನಾಣ್ಯ, ಕೊಡಬೇಕು, ಆ ದುಡ್ಡಿನಿಂದ ತಿರುಮಲೆಯ ತಾತಯ್ಯ ಬೆಳಗೊಳದ ಕಾವಲಿಗೆ ಇಪ್ಪತ್ತು ಆಳುಗಳನ್ನು ಇಡಬೇಕು, ಮಿಕ್ಕ ಹಣದಲ್ಲಿ ಬಸದಿಗಳಿಗೆ ಸುಣ್ಣ ಹೊಡೆಸಿ ದುರಸ್ತಿ ಮಾಡಿಸಬೇಕು ಎಂದು ಕಲ್ಲಿನಲ್ಲೇ ಕೊರೆಸಿದೆ. ಜೈನರ ಕಾವಲಿನ ಹೊಣೆ ಹೊತ್ತವನು ಎದುರು ಪಕ್ಷದವನು. ಈ ಏರ್ಪಾಟನ್ನು ನೆನೆದಾಗಲೆಲ್ಲ ನನಗೆ ಬೆರಗು.

ನಿಮ್ಮ ನಿಯಮಗಳು ಐದೋ ಆರೋ ಸಾಕು. ನಾವು ಇಟ್ಟುಕೊಂಡವು ಇವು:

- ಮಾತು ವಿಷಯದ ಮೇಲೆ. ಜಾತಿ, ಧರ್ಮ, ಊರು, ಮನೆಮಾತು, ಉದ್ಯೋಗ, ಮಕ್ಕಳು ಎತ್ತಿದರೆ ಮೆಸೇಜು ತೆಗೆಯಲಾಗುತ್ತದೆ.
- ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಚರ್ಚೆ ಇಲ್ಲ. ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ಇಟ್ಟಿರುವ ಹೊತ್ತೇ ಇದು, ಜನಕ್ಕೆ ನೆನಪಿಡಲು ಸುಲಭ.
- ಫಾರ್ವರ್ಡ್ ಹಾಕುವವರು “ಇದು ನಿಜ ಅಂತ ನನಗೆ ಗೊತ್ತು, ಯಾಕೆಂದರೆ…” ಎಂದು ಒಂದು ಸಾಲು ಬರೆಯಬೇಕು. ಬರೆಯಲಾಗದಿದ್ದರೆ ಹಾಕುವಂತಿಲ್ಲ.
- ಒಂದು ವಿಷಯ ಮುಗಿಯುವವರೆಗೆ ಇನ್ನೊಂದು ಎತ್ತಬಾರದು.
- ಅಡ್ಮಿನ್ ತಪ್ಪಿದರೆ ಅವರಿಗೂ ಇದೇ ನಿಯಮ.

ಎಡವುವುದು ಎಲ್ಲಿ: ಜಗಳ ಆದ ಮಾರನೇ ದಿನ ನಿಯಮ ಬರೆದರೆ ಅದು ಯಾರೋ ಒಬ್ಬರ ಮೇಲೆ ಬರೆದ ಹಾಗೆ ಕಾಣುತ್ತದೆ. ನೆಮ್ಮದಿಯ ವಾರದಲ್ಲಿ ಬರೆಯಿರಿ. ಕರಡನ್ನು ಮೊದಲು ತೋರಿಸಬೇಕಾದ್ದು ನಿಮ್ಮ ಮಾತನ್ನು ಯಾವಾಗಲೂ ಒಪ್ಪದವರಿಗೆ.

3. ಆದದ್ದು ಯಾವುದು, ಅನಿಸಿದ್ದು ಯಾವುದು

“ನಿನ್ನೆ ಸಂಜೆ ನಾಲ್ಕನೇ ಕ್ರಾಸಲ್ಲಿ ನಾಯಿ ಮಗೂನ ಕಚ್ಚಿತು” ಅನ್ನುವುದು ಆದದ್ದು. “ಊಟ ಹಾಕೋರಿಂದಲೇ ಇದೆಲ್ಲ” ಅನ್ನುವುದು ಅನಿಸಿದ್ದು. “ಇನ್ಮೇಲೆ ಊಟ ಹಾಕಬಾರದು” ಅನ್ನುವುದು ಬೇಡಿಕೆ. ಮೂರೂ ಒಂದೇ ಮೆಸೇಜಿನಲ್ಲಿ ಬರುತ್ತವೆ. ಓದಿದವರು ಮಧ್ಯದ ಮಾತಿಗೆ ಕೆರಳಿ ಮೊದಲಿನದನ್ನು ಮರೆಯುತ್ತಾರೆ, ಕಚ್ಚಿಸಿಕೊಂಡ ಮಗುವಿಗೆ ಚುಚ್ಚುಮದ್ದು ಆಯಿತೇ ಎಂದು ಯಾರೂ ಕೇಳುವುದಿಲ್ಲ.

ಅಡ್ಮಿನ್ ಆದವರು ಮೂರನ್ನೂ ಬಿಡಿಸಿ ಬರೆಯಬೇಕು. ಮೊದಲು ಆದದ್ದನ್ನು ವಿಚಾರಿಸಿ. ಆಮೇಲೆ ಕಾನೂನಿನಲ್ಲಿ ಉತ್ತರ ಇದ್ದರೆ ಅದನ್ನು ಮುಂದಿಡಿ, ಅಷ್ಟರಮಟ್ಟಿಗೆ ವಾದ ಕಡಿಮೆಯಾಗುತ್ತದೆ. ನಾಯಿಗಳ ವಿಷಯದಲ್ಲಿ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಿವೆ. ಊಟ ಹಾಕುವ ಜಾಗ ಮಕ್ಕಳು ಆಡುವ ಕಡೆಯಿಂದ ದೂರವಿರಬೇಕು ಎಂದು ಅವು ಹೇಳುತ್ತವೆ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಊಟಕ್ಕೆಂದೇ ಜಾಗ ಗೊತ್ತುಮಾಡಬೇಕು, ಬೀದಿಯಲ್ಲಿ ಕಂಡಕಂಡಲ್ಲಿ ಹಾಕಬಾರದು ಎಂದಿತು. ಮರದ ವಿಷಯವೂ ಹಾಗೆಯೇ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಲ್ಲೇ ಬಂದಿದೆ, ನಿಮ್ಮ ಕಾಂಪೌಂಡಿನೊಳಗಿನ ಮರವನ್ನು ಕಡಿಯಲೂ ಸಾಮಾನ್ಯವಾಗಿ ವೃಕ್ಷಾಧಿಕಾರಿಯ, ಅಂದರೆ ಈ ಕೆಲಸಕ್ಕೆ ಗೊತ್ತುಮಾಡಿದ ಅಧಿಕಾರಿಯ ಅನುಮತಿ ಬೇಕು. ಗ್ರೂಪಿನಲ್ಲಿ ಬಹುಮತ ಇದ್ದರೆ ಮರ ಕಡಿಯಬಹುದು ಎಂದು ತಿಳಿದವರು ನಾನು ಕಂಡಂತೆ ಬಹಳ.

4. ಉತ್ತರ ಕೊಡುವ ಮುಂಚೆ ಪೂರ್ವಪಕ್ಷ

ಎಲ್ಲಕ್ಕಿಂತ ಕಷ್ಟದ ಹಂತ ಇದು. ಉಳಿದದ್ದೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ಶಾಸ್ತ್ರಾರ್ಥದಲ್ಲಿ, ಅಂದರೆ ಪಂಡಿತರ ವಾದಸಭೆಗಳಲ್ಲಿ, ಒಂದು ಪದ್ಧತಿ ಇದೆ. ತನ್ನ ಸಿದ್ಧಾಂತ ಹೇಳುವ ಮುಂಚೆ ಎದುರಾಳಿಯ ವಾದವನ್ನು ತಾನೇ ಸರಿಯಾಗಿ ಮಂಡಿಸಬೇಕು. ಅದಕ್ಕೆ ಪೂರ್ವಪಕ್ಷ ಅನ್ನುತ್ತಾರೆ. ಎದುರಾಳಿಯ ಮಾತನ್ನು ತಿರುಚಿ, ಬಡಕಲು ಮಾಡಿ ಹೇಳಿ ಗೆದ್ದರೆ ಆ ಗೆಲುವಿಗೆ ಬೆಲೆಯಿಲ್ಲ. ಮೈಸೂರಿನ ಸಂಸ್ಕೃತ ಪಾಠಶಾಲೆಯ ನೆರಳಲ್ಲಿ ಬೆಳೆದ ನಮ್ಮ ಊರಿಗೆ ಇದು ಹೊಸ ಮಾತೇನಲ್ಲ, ಫೋನಿಗೆ ತಂದುಕೊಳ್ಳುವುದಷ್ಟೇ ಬಾಕಿ.

ಕ್ರಮ ಹೀಗೆ. ಇಬ್ಬರ ನಡುವೆ ಮೂರು ಸುತ್ತು ಮಾತಾದರೂ ಮುಂದೆ ಹೋಗದಿದ್ದರೆ ಅಡ್ಮಿನ್ ನಡುವೆ ಬಂದು, “ಸಾರ್, ನಿಮ್ಮ ಉತ್ತರ ಆಮೇಲೆ. ಮೊದಲು ಮೇಡಂ ಹೇಳಿದ್ದೇನು ಅಂತ ನಿಮ್ಮ ಮಾತಲ್ಲಿ ಬರೀರಿ” ಅನ್ನಬೇಕು. ಬರೆದದ್ದನ್ನು ನೋಡಿ ಆ ಮೇಡಂ “ಹೌದು, ಇದೇ ನಾನು ಹೇಳಿದ್ದು” ಅನ್ನುವವರೆಗೆ ಮುಂದೆ ಹೋಗುವಂತಿಲ್ಲ. ಆಮೇಲೆ ಅವರ ಸರದಿ.

ನಮ್ಮಲ್ಲಿ ನಡೆದ ಒಂದು ಮಾತುಕತೆಯ ಸಾರ ಕೊಡುತ್ತೇನೆ. ಫುಟ್‌ಪಾತಿನ ಹೊಂಗೆಮರದ ವಿಷಯ.

“ಮೇಡಂಗೆ ಕಸ ಗುಡಿಸೋಕೆ ಬೇಜಾರು, ಅದಕ್ಕೆ ಮರ ಬೇಡ ಅಂತಾರೆ.”

“ಇಲ್ಲ ಸಾರ್, ನಾನು ಹಾಗೆ ಹೇಳಿಲ್ಲ. ನಮ್ಮತ್ತೆಗೆ ವಾಕರ್ ಇದೆ. ಬೇರು ಎದ್ದು ಕಲ್ಲೆಲ್ಲ ಮೇಲೆ ಬಂದಿದೆ, ಅವರು ಎರಡು ಸಲ ಬಿದ್ದಿದ್ದಾರೆ.”

“ಸರಿ. ಮೇಡಂ ಹೇಳೋದು, ವಯಸ್ಸಾದವರು ಫುಟ್‌ಪಾತ್‌ನಲ್ಲಿ ಓಡಾಡೋಕೆ ಆಗ್ತಿಲ್ಲ ಅಂತ.”

“ಹೌದು, ಇದೇ.”

ಇಲ್ಲಿಗೆ ಬರುವಷ್ಟರಲ್ಲಿ ಚರ್ಚೆ ಮರ ಉಳಿಸುವುದೋ ಕಡಿಯುವುದೋ ಅನ್ನುವುದರಿಂದ ಕಲ್ಲು ಸರಿಮಾಡುವುದು ಹೇಗೆ ಅನ್ನುವುದಕ್ಕೆ ತಿರುಗಿತ್ತು. ಎಲ್ಲ ಸಲವೂ ಹೀಗೆ ಆಗುವುದಿಲ್ಲ. ಪೂರ್ವಪಕ್ಷ ಸರಿಯಾಗಿ ಹೇಳಿದ ಮೇಲೂ ಇಬ್ಬರೂ ಒಪ್ಪದಿರಬಹುದು. ಆಗ ಒಪ್ಪದಿರುವುದು ಯಾವುದರ ಬಗ್ಗೆ ಅನ್ನುವುದಾದರೂ ಇಬ್ಬರಿಗೂ ಗೊತ್ತಿರುತ್ತದೆ.

ಮಂಡ್ಯ ಕಡೆಯ ರೈತರ ಗ್ರೂಪುಗಳಿಗೆ ಇದೇ ಹಂತವನ್ನು ಸ್ವಲ್ಪ ಬದಲಿಸಿ ಹೇಳುತ್ತೇನೆ. ಅಲ್ಲಿನ ಜಗಳ ಬಹುಪಾಲು ವಿ.ಸಿ. ನಾಲೆಯ, ಅಂದರೆ ವಿಶ್ವೇಶ್ವರಯ್ಯ ಕಾಲುವೆಯ, ನೀರಿನದು. ಕಟ್ಟು ಪದ್ಧತಿ, ಅಂದರೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿ, ನಾಲೆಯ ತಲೆಭಾಗದವರಿಗೆ ಒಂದು ರೀತಿ ಕಂಡರೆ ಕೊನೆಭಾಗದವರಿಗೆ ಇನ್ನೊಂದು ರೀತಿ ಕಾಣುತ್ತದೆ. ತಲೆಭಾಗದಲ್ಲಿ ಗದ್ದೆ ತುಂಬಿದ ಮೇಲೂ ಕೊನೆಭಾಗದಲ್ಲಿ ಕಬ್ಬು ಒಣಗುತ್ತಿರಬಹುದು. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಆದ್ದರಿಂದ ವಾದಕ್ಕೆ ಇಳಿಯುವ ಮುಂಚೆ ಪ್ರತಿಯೊಬ್ಬರೂ “ನನ್ನ ಗದ್ದೆ ಇಂಥ ತೂಬಿನ ಕೆಳಗೆ, ನಿನ್ನೆ ಇಷ್ಟು ನೀರು ಬಂತು” ಎಂದು ಬರೆಯಲಿ. “ನಿಂಗೇನಣ್ಣ ಗೊತ್ತು” ಅನ್ನುವ ಮಾತಿನ ಜಾಗದಲ್ಲಿ “ನಿನ್ ತೂಬಿಗೆ ಎಷ್ಟ್ ದಿನಕ್ ಬಂತಣ್ಣ” ಅನ್ನುವ ಮಾತು ಬರುತ್ತದೆ. ಬಡಾವಣೆಯಲ್ಲೂ ಅಷ್ಟೇ. ಏರಿನ ಮನೆಗೆ ನೀರಿನ ಒತ್ತಡ ಸಾಲದು, ತಗ್ಗಿನ ಮನೆಗೆ ಮಳೆನೀರು ನುಗ್ಗುತ್ತದೆ, ಪಾರ್ಕಿನ ಎದುರು ಮನೆಗೆ ಬೆಳಗಿನ ನಗೆಕೂಟದ ಸದ್ದು. ಮನೆ ಎಲ್ಲಿದೆ ಎಂದು ಕೇಳಿಕೊಂಡರೆ ಮಾತು ಅರ್ಥವಾಗುತ್ತದೆ.

ಎಡವುವುದು ಎಲ್ಲಿ: ಪೂರ್ವಪಕ್ಷವನ್ನು ಅಡ್ಮಿನ್ ತಾವೇ ಬರೆದುಕೊಡಬೇಡಿ. ಎದುರು ನಿಂತವರೇ ಬರೆಯಬೇಕು. ಟೈಪ್ ಮಾಡಲು ಕಷ್ಟಪಡುವ ಹಿರಿಯರಿಗೆ ವಾಯ್ಸ್ ಮೆಸೇಜಿಗೆ ಅವಕಾಶ ಕೊಡಿ. ಇಂಗ್ಲಿಷಿನಲ್ಲಿ ಉದ್ದುದ್ದ ಬರೆಯುವವರ ಮುಂದೆ ಕನ್ನಡದಲ್ಲಿ ಎರಡು ಸಾಲು ಬರೆಯುವವರು ಹಿಂಜರಿಯದಂತೆ ನೋಡಿಕೊಳ್ಳಿ. ಕನ್ನಡ ಬಾರದ ನೆರೆಯವರಿಗೆ ಯಾರಾದರೂ ಒಬ್ಬರು ತಿಳಿಸಿ ಹೇಳುವ ಏರ್ಪಾಟೂ ಇರಲಿ.

5. ತೀರ್ಮಾನ: ಪೋಲ್ ಒಂದರಿಂದ ಆಗುವುದಿಲ್ಲ

ವಾಟ್ಸಾಪಿನ ಪೋಲ್, ಅಂದರೆ ಮತ ಒತ್ತುವ ಪಟ್ಟಿ, ಹಾಕುವುದು ಸುಲಭ. ಆದರೆ ಯಾರು ಯಾವುದಕ್ಕೆ ಒತ್ತಿದರು ಅನ್ನುವುದು ಅಲ್ಲಿ ಎಲ್ಲರಿಗೂ ಕಾಣುತ್ತದೆ. ಮನೆಯ ಓನರ್ ಒಂದಕ್ಕೆ ಒತ್ತಿದ ಮೇಲೆ ಬಾಡಿಗೆಯವರು ಇನ್ನೊಂದಕ್ಕೆ ಒತ್ತುವುದು ಕಷ್ಟ. ಬೀದಿಯ ಅಂಗಡಿಯವರು ಗಿರಾಕಿಗಳ ಎದುರು ‘ಬೇಡ’ ಅನ್ನಲಾರರು. ಒತ್ತದೆ ಸುಮ್ಮನಿದ್ದವರನ್ನು ಒಪ್ಪಿದವರ ಲೆಕ್ಕಕ್ಕೆ ಸೇರಿಸುವುದಂತೂ ದೊಡ್ಡ ತಪ್ಪು.

ದುಡ್ಡು, ಜಾಗ, ಸದ್ದು ಈ ಮೂರರ ವಿಷಯವಾದರೆ ಮುಖತಃ ಕೂತು ಮಾತಾಡಿ, ಬೇಕಿದ್ದರೆ ಚೀಟಿಯಲ್ಲಿ ಮತ ಹಾಕಿಸಿ. ನಿಮ್ಮ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ಗ್ರೂಪಿನ ಪೋಲ್ ಸಂಘದ ನಿರ್ಣಯವಾಗುವುದಿಲ್ಲ, ನಿಮ್ಮ ಬೈಲಾ ಹೇಳಿದಂತೆ ಸಭೆ ಕರೆಯಬೇಕು. ಬೈಲಾ ಅಂದರೆ ಸಂಘದ ಒಳನಿಯಮ.

ನೋಟ್‌ಬುಕ್ ಬೇಕಾಗುವುದು ಈಗ. ತೀರ್ಮಾನ ಬರೆದ ಕೆಳಗೆ ಒಪ್ಪದವರ ಕಾರಣವನ್ನೂ ಅವರ ಮಾತಿನಲ್ಲೇ ಬರೆಯಿರಿ. ಮತ್ತೆ ಯಾವಾಗ ಇದನ್ನು ನೋಡುತ್ತೇವೆ ಎಂದು ತಾರೀಖು ಹಾಕಿ, ಮೂರು ತಿಂಗಳೋ ಒಂದು ಮಳೆಗಾಲ ಕಳೆದ ಮೇಲೋ. ಸೋತವರು ಗ್ರೂಪಿನಲ್ಲಿ ಉಳಿಯುವುದಕ್ಕೆ ಆ ತಾರೀಖು ಒಂದು ಕಾರಣವಾಗುತ್ತದೆ.

6. ಬಿಸಿ ಏರಿದಾಗ

ಮೊದಲು ಫೋನ್ ಮಾಡಿ, ಗ್ರೂಪಿನಲ್ಲಿ ಬುದ್ಧಿ ಹೇಳಬೇಡಿ. ನೂರು ಜನರ ಮುಂದೆ ತಿದ್ದಿಸಿಕೊಂಡವರು ತಪ್ಪು ಗೊತ್ತಿದ್ದರೂ ಹಿಂದೆ ಸರಿಯುವುದಿಲ್ಲ. ಕಳಿಸಿದ ಮೆಸೇಜನ್ನು 15 ನಿಮಿಷದೊಳಗೆ ತಿದ್ದಬಹುದು, ಎಲ್ಲರ ಫೋನಿನಿಂದ ಅಳಿಸಲು ಸುಮಾರು ಎರಡು ದಿನ ಇರುತ್ತದೆ. ಅವರೇ ಅಳಿಸಿಕೊಳ್ಳಲಿ ಎಂದು ಫೋನಿನಲ್ಲಿ ಕೇಳಿಕೊಳ್ಳಿ. ಅಡ್ಮಿನ್ ಅಳಿಸಿದರೆ ಅಡ್ಮಿನ್ ಅಳಿಸಿದರು ಎಂದೇ ತೋರುತ್ತದೆ, ಅದು ಇನ್ನೊಂದು ಜಗಳದ ಬೀಜ.

ಆಗಲೂ ನಿಲ್ಲದಿದ್ದರೆ ಗ್ರೂಪನ್ನು ಸ್ವಲ್ಪ ಹೊತ್ತು ‘ಅಡ್ಮಿನ್ ಮಾತ್ರ’ ಮಾಡಿ. “ನಾಳೆ ಬೆಳಗ್ಗೆ 8ಕ್ಕೆ ತೆರೆಯುತ್ತೇವೆ” ಎಂದು ಮುಂಚೆಯೇ ತಿಳಿಸಿ, ಹೇಳಿದ ಹೊತ್ತಿಗೆ ತೆರೆಯಿರಿ. ಬೀಗ ಹಾಕಿದ ಹೊತ್ತಿನಲ್ಲಿ ಅಡ್ಮಿನ್‌ಗಳು ತಮ್ಮ ಅಭಿಪ್ರಾಯ ಹಾಕಿದರೆ ಮಿಕ್ಕವರು ಎಂದೂ ಕ್ಷಮಿಸುವುದಿಲ್ಲ.

7. ಸಹಿಸಬಾರದ್ದು

ಎದುರು ಅಭಿಪ್ರಾಯಕ್ಕೆ ಜಾಗ ಕೊಡಿ ಅಂದರೆ ಎಲ್ಲದಕ್ಕೂ ಕೊಡಿ ಎಂದಲ್ಲ. ಬೆದರಿಕೆ, ಒಂದು ಜಾತಿ ಧರ್ಮ ಭಾಷೆಯವರ ಮೇಲೆ ದ್ವೇಷ, ಹೆಣ್ಣುಮಕ್ಕಳ ಫೋಟೋ ಎತ್ತಿ ಹಾಕುವುದು, ಪರಿಶೀಲಿಸದ ವದಂತಿ, ಇವು ಅಭಿಪ್ರಾಯಗಳಲ್ಲ. ವದಂತಿಯನ್ನು ಹಗುರ ಮಾಡಬೇಡಿ. 2018ರಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿ ಹಬ್ಬಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡನ್ನು ಒಮ್ಮೆಗೆ ಐದು ಕಡೆಗೆ ಮಿತಿಗೊಳಿಸಲು ಹೊರಟಿತು. ಈಗ ಜೋಡಿ ಬಾಣದ ಗುರುತು ಇರುವ ಮೆಸೇಜು ಕಂಡರೆ ಅದು ಬಹಳ ಕೈ ದಾಟಿ ಬಂದದ್ದು ಎಂದು ತಿಳಿಯಿರಿ.

ಕಾವೇರಿ ವಿಷಯ ಕಾವೇರಿದ ದಿನಗಳಲ್ಲಿ ನಮ್ಮ ಜಿಲ್ಲೆಗಳ ಅಡ್ಮಿನ್‌ಗಳಿಗೆ ಇದು ನಿಜವಾದ ಪರೀಕ್ಷೆ. ಬೆಳೆ ಒಣಗಿದ ರೈತರ ಸಿಟ್ಟಿಗೆ, ತೀರ್ಪು ಸರಿಯಿಲ್ಲ ಅನ್ನುವ ಮಾತಿಗೆ ಪೂರ್ತಿ ಜಾಗ ಇರಲಿ. ಆ ಸಿಟ್ಟು ಪಕ್ಕದ ಬೀದಿಯಲ್ಲಿ ತಲೆಮಾರುಗಳಿಂದ ಇರುವ ತಮಿಳು ಮನೆಯವರ ಕಡೆಗೆ ತಿರುಗಿದ ಗಳಿಗೆಯಲ್ಲೇ ಆ ಮೆಸೇಜು ತೆಗೆಯಿರಿ. ಫೋನ್ ಮಾತುಕತೆಗೆ ಕಾಯಬೇಡಿ.

ಕಾನೂನಿನ ಬಗ್ಗೆ ಓದುಗರು ಕೇಳುವ ಎರಡು ವಿಷಯ. ಒಪ್ಪದ ಮಾತು ಬರೆದವರ ಮೇಲೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಹಾಕಿಸುತ್ತೇನೆ ಎಂದು ಹೆದರಿಸುವವರು ಈಗಲೂ ಇದ್ದಾರೆ. ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದು ಮಾತ್ರ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮಿನಡಿ ಈಗಲೂ ಅಪರಾಧ. ಇನ್ನು ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಜೈಲಿಗೆ ಹೋಗಬೇಕೆ? ಅಡ್ಮಿನ್ ಆಗಿರುವ ಒಂದೇ ಕಾರಣಕ್ಕೆ ಹೊಣೆ ಬರುವುದಿಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಅಡ್ಮಿನ್ ತಾವೂ ಅದರಲ್ಲಿ ಕೈಜೋಡಿಸಿದ್ದರೆ ಅದು ಬೇರೆ ಮಾತು. ಹಾಗಾಗಿ ಭಯದಿಂದ ಯಾರನ್ನೂ ತೆಗೆಯಬೇಡಿ.

ತೆಗೆಯಲೇಬೇಕಾದರೆ ಕ್ರಮ ಇದು: ಒಮ್ಮೆ ಫೋನಿನಲ್ಲಿ, ಒಮ್ಮೆ ಬರೆದು ಎಚ್ಚರಿಕೆ, ಆಮೇಲೆ ಏಳು ದಿನ ಹೊರಗೆ. ಮೂವರು ಅಡ್ಮಿನ್‌ಗಳೂ ಒಪ್ಪಿರಬೇಕು. ಎಂಟನೇ ದಿನ ನೀವಾಗಿಯೇ ಲಿಂಕ್ ಕಳಿಸಿ. ಪ್ರಕಟಣೆಯ ಗ್ರೂಪಿನಿಂದ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ, ನೀರು ಬರುವ ಹೊತ್ತು ತಿಳಿಯುವುದು ಎಲ್ಲರ ಹಕ್ಕು.

8. ಸದ್ದಿಲ್ಲದೆ ಹೋದವರು

ಯಾರಾದರೂ ಲೆಫ್ಟ್ ಆದರೆ ಮೊದಲು ಎಲ್ಲರಿಗೂ ತಿಳಿಯುತ್ತಿತ್ತು. 2022ರಿಂದ ಆ ಸೂಚನೆ ಅಡ್ಮಿನ್‌ಗಳಿಗೆ ಮಾತ್ರ ಬರುತ್ತದೆ. ಗ್ರೂಪಿನ ವಿವರದಲ್ಲಿ 60 ದಿನದೊಳಗೆ ಬಿಟ್ಟುಹೋದವರ ಪಟ್ಟಿ ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ತೆರೆದು ನೋಡಿ. ಒಂದೇ ಚರ್ಚೆಯ ನಂತರ ಮೂರು ಮಂದಿ ಹೋಗಿದ್ದರೆ ಅವರಿಗೆ ಕಂಡದ್ದು ನಿಮಗೆ ಕಂಡಿಲ್ಲ.

ಅವರಿಗೆ ಫೋನ್ ಮಾಡಿ. ಯಾಕೆ ಬಿಟ್ಟಿರಿ ಎಂದು ಶುರುಮಾಡಬೇಡಿ, ವಾಪಸ್ ಸೇರಿ ಎಂದು ಒತ್ತಾಯವೂ ಬೇಡ. ನಾನು ಆ ನಿವೃತ್ತರ ಮನೆಗೆ ಹೋದಾಗ ಟೈಲ್ಸಿನ ಮಾತು ಎತ್ತುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತು ಕೂರಲು ಸಿದ್ಧರಾಗಿ ಹೋಗಿ. ಆಮೇಲೆ, “ಭಾನುವಾರ ಬೆಳಗ್ಗೆ ಏಳಕ್ಕೆ ಪಾರ್ಕಲ್ಲಿ ಚರಂಡಿ ವಿಷಯ ಮಾತಾಡ್ತಿದ್ದೀವಿ ಸಾರ್, ನಿಮ್ಮ ಗೇಟಿನ ಮುಂದೆ ನೀರು ಎಲ್ಲಿವರೆಗೆ ನಿಲ್ಲುತ್ತೆ ಅಂತ ನೀವೇ ಬಂದು ಹೇಳಬೇಕು” ಅನ್ನಿ. ಬಂದರೆ ಮೊದಲ ಮಾತು ಅವರದಾಗಲಿ.